ಶೆಡ್ಡಿನ ಮಿಷನ್‌ಗಳನ್ನು ಉಳಿಸಿಕೊಟ್ಟವರಿಗೆ

ಮೊನ್ನೆ ನಮ್ಮ ಕಾಫಿ ತೋಟದ ಕೊನೆಯ ಬ್ಲಾಕಿಗೂ ಹೂವಿನ ನೀರು, ಅಂದರೆ ಮೊಗ್ಗು ಅರಳಲೆಂದು ಹಾಯಿಸುವ ನೀರು, ಕೊಟ್ಟು ಮುಗಿಸಿದೆವು. ಮೊದಲು ನೀರು ಕಂಡ ಬ್ಲಾಕುಗಳಲ್ಲಿ ರೊಬಸ್ಟಾ ಕಾಫಿ ಆಗಲೇ ಬೆಳ್ಳಗೆ ಅರಳಿದೆ. ಇಷ್ಟು ದಿನ ಬಾಕಿ ಉಳಿಸಿಕೊಂಡಿದ್ದ ಮಾತನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸಕಲೇಶಪುರದ ಕಡೆಯ ದೊಡ್ಡ ಕಾಫಿ ತೋಟವೊಂದರಲ್ಲಿ ಯಂತ್ರಗಳ ಉಸ್ತುವಾರಿ ನನ್ನದು. ಕಳೆ ಹೊಡೆಯುವ ಮಿಷನ್, ಮರಗಸಿಗೆ (ನೆರಳಿನ ಮರಗಳ ಕೊಂಬೆ ಸವರಲು) ಚೈನ್‌ಸಾ, ಬೋರ್ಡೋ ಎಂಬ ರೋಗದ ಔಷಧಿ ಹೊಡೆಯಲು ಪವರ್ ಸ್ಪ್ರೇಯರ್, ಡೀಸೆಲ್ ಪಂಪ್‌ಸೆಟ್, ಟ್ರ್ಯಾಕ್ಟರ್. ಕಳೆದ ಆಗಸ್ಟಿನ ಮಳೆಗೆ ಹಳ್ಳ ಉಕ್ಕಿ ಶೆಡ್ಡಿಗೆ ನುಗ್ಗಿತು. ಡ್ರೈವರಣ್ಣ ಹಿಂದಿನ ಸಂಜೆಯೇ ಕಾಫಿ ಒಣಗಿಸುವ ಕಣದ ಮೇಲೆ ನಿಲ್ಲಿಸಿದ್ದ ಟ್ರ್ಯಾಕ್ಟರ್ ಉಳಿಯಿತು. ಮಿಕ್ಕಿದ್ದರಲ್ಲಿ ಬಹುಪಾಲು ಕೆಸರಿನಲ್ಲಿ ಹೂತಿತ್ತು.

ಮೊದಲ ನಮಸ್ಕಾರ ನಮ್ಮ ಮೇಸ್ತ್ರಿಯವರಿಗೆ. ನೀರು ಇಳಿದ ಬೆಳಿಗ್ಗೆ ಅವರು ಬಾಗಿಲಿಗೆ ಅಡ್ಡ ನಿಂತು, "ಯಾರೂ ಸ್ಟಾರ್ಟ್ ಮಾಡ್ಬೇಡಿ, ಹಗ್ಗ ಮುಟ್ಬೇಡಿ" ಅಂದರು. ಆ ಮಾತಿನ ಬೆಲೆ ಮಿಷನ್ ಬಲ್ಲವರಿಗೆ ಗೊತ್ತು. ಸಿಲಿಂಡರಿನೊಳಗೆ ನೀರಿದ್ದಾಗ ಇಂಜಿನ್ ತಿರುಗಿಸಿದರೆ, ಗಾಳಿಯ ಹಾಗೆ ನೀರು ಅಮುಕಿಕೊಳ್ಳುವುದಿಲ್ಲ. ಕನೆಕ್ಟಿಂಗ್ ರಾಡೇ ಬಾಗುತ್ತದೆ. ಹಾಗಾಗಿದ್ದರೆ ಪಂಪ್‌ಸೆಟ್‌ಗಳು ಗುಜರಿಗೇ ಹೋಗುತ್ತಿದ್ದವು.

ಆಮೇಲೆ ಪೇಟೆಯಿಂದ ಬಂದ ಹಿರಿಯ ಮೆಕ್ಯಾನಿಕ್ಕರು. ಕೆಲಸ ಬಿಟ್ಟು ಮನೆಯಲ್ಲಿದ್ದವರು ನಾವು ಕರೆದೆವೆಂದು ಬಂದರು. ಒಂದೊಂದೇ ಪ್ಲಗ್ ಬಿಚ್ಚಿ, ಮಿಷನ್ನನ್ನು ಬೋರಲು ಹಾಕಿ, ಹಗ್ಗವನ್ನು ನಿಧಾನಕ್ಕೆ ಎಳೆದಾಗ ಪ್ಲಗ್ಗಿನ ತೂತಿನಿಂದ ಕೆಂಪು ನೀರು ಚಿಮ್ಮುತ್ತಿತ್ತು. ಪಂಪ್‌ಸೆಟ್ ಇಂಜಿನ್ನಿನ ತಳದ ಆಯಿಲ್ ಸಂಪಿನಿಂದ ಇಳಿದ ಆಯಿಲ್ ನೀರು ಬೆರೆತು ಹಾಲು ಹೆಚ್ಚಾದ ಟೀಯಂತಿತ್ತು. ಹೊಸ ಆಯಿಲ್ ಹಾಕುವುದು, ಸ್ವಲ್ಪ ಓಡಿಸುವುದು, ಮತ್ತೆ ಇಳಿಸುವುದು. ಬಣ್ಣ ತಿಳಿಯಾಗುವವರೆಗೂ ಅವರು ಬಿಡಲಿಲ್ಲ. ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ಲುಗಳನ್ನು ಹಾಸನಕ್ಕೆ ಕಳಿಸಿ ಕ್ಯಾಲಿಬ್ರೇಷನ್ (ಅಳತೆ ಸರಿಪಡಿಸುವುದು) ಮಾಡಿಸಿದ್ದೂ ಅವರ ಒತ್ತಾಯದಿಂದಲೇ. ಎಲ್ಲವನ್ನೂ ಮಾರಿ ಹೊಸದು ತಗೊಳ್ಳಿ ಎಂದವರು ಕಡಿಮೆ ಇರಲಿಲ್ಲ. ಕಾಫಿಗೆ ರೇಟು ಚೆನ್ನಾಗಿದೆ ಎಂದ ಮಾತ್ರಕ್ಕೆ ದುಡಿಯುವ ಯಂತ್ರವನ್ನು ಎಸೆಯುವುದು ನನಗೆ ಒಪ್ಪದ ಮಾತು.

ಬೋರ್ಡೋ ಕಲಸುವ ಅಕ್ಕಂದಿರನ್ನು ಹೇಗೆ ಮರೆಯಲಿ? ಒಂದು ಕೇಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೇಜಿ ಸುಣ್ಣ, 100 ಲೀಟರ್ ನೀರು. ಅಳತೆ ಅವರಿಗೆ ಬಾಯಿಪಾಠ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆಂದು ಕೊನೇ ಟ್ಯಾಂಕ್ ಖಾಲಿಯಾದ ದಿನವೇ ಸ್ಪ್ರೇಯರುಗಳಲ್ಲಿ ಚೊಕ್ಕ ನೀರು ಹಾಯಿಸಿ, ಎಣ್ಣೆ ಸವರಿ, ಅಟ್ಟಕ್ಕೆ ಏರಿಸಿದ್ದರು. ಹಳ್ಳದ ನೀರು ಅಲ್ಲಿಗೆ ಮುಟ್ಟಲೇ ಇಲ್ಲ.

ಅಸ್ಸಾಮಿನಿಂದ ಬಂದು ನಮ್ಮ ಲೈನ್ ಮನೆಯಲ್ಲಿರುವ (ತೋಟದ ಆಳುಗಳ ಸಾಲುಮನೆ) ಹುಡುಗರಿಗೂ ಋಣಿ. ಟೂ ಸ್ಟ್ರೋಕ್ ಮಿಷನ್ನಿಗೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, ಫೋರ್ ಸ್ಟ್ರೋಕಿಗೆ ಬರೀ ಪೆಟ್ರೋಲ್. ಯಾರಿಗೂ ಗೊಂದಲವಾಗದಂತೆ ಕ್ಯಾನುಗಳಿಗೆ ಬೇರೆ ಬೇರೆ ಬಣ್ಣ ಬಳಿದವರು ಅವರೇ. ಮಳೆ ನಿಂತು ಕಳೆ ಎದೆಮಟ್ಟ ಬೆಳೆದಾಗ, ಹಣ್ಣು ಕೊಯ್ಲಿಗೆ ಮೊದಲು ಅದೇ ಮಿಷನ್‌ಗಳಿಂದ ತೋಟ ಬಿಡಿಸಿಕೊಟ್ಟರು. ಬಿಡಿಭಾಗಗಳ ಅಂಗಡಿಯವರು ಫಸಲಿನ ದುಡ್ಡು ಬರುವವರೆಗೆ ಬಿಲ್ಲಿನ ಮಾತೆತ್ತಲಿಲ್ಲ.

ಇನ್ನು ಪಕ್ಕದ ತೋಟದವರು. ಹೂವಿನ ನೀರಿನ ಹೊತ್ತಿಗೆ ನಮ್ಮ ಒಂದು ಪಂಪ್ ಮಾತ್ರ ರಿಪೇರಿ ಮುಗಿಯದೆ ಉಳಿದಿತ್ತು. ಫೆಬ್ರವರಿ, ಮಾರ್ಚಿನಲ್ಲಿ ಯಾರೂ ಯಾರಿಗೂ ಪಂಪ್ ಕೊಡುವುದಿಲ್ಲ. ಕೊಟ್ಟರೆ ತಮ್ಮ ಹೂವನ್ನೇ ಕೊಟ್ಟಂತೆ. ಇಂಚು, ಒಂದೂವರೆ ಇಂಚು ಮಳೆಯಷ್ಟು ನೀರು ಬೀಳದಿದ್ದರೆ ಮೊಗ್ಗು ಅರಳದೆ ಕೆಂಪಾಗಿ ನಿಂತುಬಿಡುತ್ತದೆ. ಅಂಥ ಹೊತ್ತಿನಲ್ಲಿ ಅವರು ತಮ್ಮ ರಾತ್ರಿ ಪಾಳಿ ಬಿಟ್ಟು ಪಂಪ್ ಕಳಿಸಿದರು, ಜೊತೆಗೆ ಪೈಪ್ ಜೋಡಿಸಲು ಇಬ್ಬರನ್ನೂ ಕಳಿಸಿದರು.

ಅಣ್ಣಾ, ನಮ್ಮ ಪಂಪ್ ಈಗ ಸರಿಯಾಗಿದೆ. ನಿಮ್ಮದಕ್ಕೆ ಆಯಿಲ್, ಫಿಲ್ಟರ್ ಬದಲಿಸಿ, ನೀರು ಸೋರದಂತೆ ಗ್ಲ್ಯಾಂಡ್ ಕಟ್ಟಿಸಿ ಈ ವಾರ ನಾನೇ ತಂದು ಒಪ್ಪಿಸುತ್ತೇನೆ. ಹೂವಾದ ಮೇಲೆ ಕೊಡುವ ಬ್ಯಾಕಿಂಗ್ ನೀರಿಗೆ ನಿಮಗೆ ಇನ್ನೊಂದು ಪಂಪ್ ಬೇಕಾದರೆ ನಮ್ಮದನ್ನೂ ಇಟ್ಟುಕೊಳ್ಳಿ.