ಎರಡು ಫೈಲು, ಒಂದು ಸಿ.ಡಿ.

ಪ್ರೀತಿಯ ತಮ್ಮನಿಗೆ,

ಬ್ರಿಟನ್ನಿನ ಬ್ಯಾಂಕರ್ ಫ್ರೆಡ್ ಗುಡ್‌ವಿನ್ ಕುರಿತ ನಿನ್ನ ಬರಹವನ್ನು ಎರಡು ಸಲ ಓದಿದೆ. ಶ್ರಮಪಟ್ಟಿದ್ದೀಯ. ಆದರೆ ಮೊದಲ ಸಾಲಿನಲ್ಲೇ ‘ದುರಾಸೆಯ ಮೂರ್ತಿ’ ಎಂದು ತೀರ್ಪು ಕೊಟ್ಟುಬಿಟ್ಟೆ. ತೀರ್ಪು ಕೇಳಿದ ಮೇಲೆ ವಿಚಾರಣೆಗೆ ಯಾರು ಕೂರುತ್ತಾರೆ?

ಆತ 1958ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಹುಟ್ಟಿದ, ಎಲೆಕ್ಟ್ರಿಷಿಯನ್ ಒಬ್ಬರ ಮಗ. ಗ್ಲಾಸ್ಗೋದಲ್ಲಿ ಕಾನೂನು ಓದಿ ಚಾರ್ಟರ್ಡ್ ಅಕೌಂಟೆಂಟ್ ಆದ. 1991ರಲ್ಲಿ ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ (ಬಿಸಿಸಿಐ) ಎಂಬ ಬ್ಯಾಂಕು ಮುಳುಗಿದಾಗ ಅದರ ಲೆಕ್ಕ ತೀರಿಸುವ ಕೆಲಸದಲ್ಲಿ ಅವನಿದ್ದ. ಇದನ್ನು ನೀನು ಅರ್ಧ ವಾಕ್ಯದಲ್ಲಿ ದಾಟಿಸಿದ್ದೀಯ. ಬ್ಯಾಂಕಿನ ಸಾವನ್ನು ಅಷ್ಟು ಹತ್ತಿರದಿಂದ ಕಂಡವನು ಹದಿನೇಳು ವರ್ಷಗಳ ನಂತರ ತನ್ನ ಬ್ಯಾಂಕನ್ನೇ ಅದರ ಅಂಚಿಗೆ ತಂದು ನಿಲ್ಲಿಸಿದ. ನಿನ್ನ ಕಥೆ ಇರುವುದು ಅಲ್ಲಿ.

ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ 2000ದಲ್ಲಿ ತನಗಿಂತ ದೊಡ್ಡದಾಗಿದ್ದ ನ್ಯಾಟ್‌ವೆಸ್ಟನ್ನು ನುಂಗಿ ಜೀರ್ಣಿಸಿಕೊಂಡಿತು. ಮರುವರ್ಷ ಗುಡ್‌ವಿನ್ ರಾಯಲ್ ಬ್ಯಾಂಕಿನ ಮುಖ್ಯ ಕಾರ್ಯನಿರ್ವಾಹಕನಾದ. 2004ರಲ್ಲಿ ನೈಟ್ ಪದವಿ. ಗೆದ್ದವನಿಗೆ ಮುಂದಿನ ಗೆಲುವು ಸುಲಭವಾಗಿ ಕಾಣುತ್ತದೆ. 2007ರಲ್ಲಿ ಫೋರ್ಟಿಸ್ ಮತ್ತು ಸ್ಯಾಂಟಂಡೇರ್ ಎಂಬ ಬ್ಯಾಂಕುಗಳ ಜೊತೆಗೂಡಿ ನೆದರ್ಲೆಂಡ್ಸಿನ ಎಬಿಎನ್ ಆಮ್ರೋ ಬ್ಯಾಂಕನ್ನು ಸುಮಾರು 7,100 ಕೋಟಿ ಯೂರೋಗೆ ಕೊಳ್ಳಲು ಹೊರಟರು. ಕೊಳ್ಳುವ ಮುನ್ನ ಆ ಬ್ಯಾಂಕಿನಿಂದ ಪರಿಶೀಲನೆಗೆ ಸಿಕ್ಕಿದ್ದು ಎರಡು ದಪ್ಪ ಫೈಲು, ಒಂದು ಸಿ.ಡಿ. ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ 2011ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿ ಇದು ದಾಖಲಾಗಿದೆ. ಆ ಎರಡು ಫೈಲುಗಳನ್ನು ಓದುಗನ ಮೇಜಿನ ಮೇಲೆ ಇಡು. ‘ದುರಾಸೆ’ ಎಂಬ ಪದ ನಿನಗೆ ಬೇಕಾಗುವುದೇ ಇಲ್ಲ.

ಇನ್ನೊಂದು ಮಾತು. ಆ ಖರೀದಿಗೆ ಆಡಳಿತ ಮಂಡಳಿ ಒಮ್ಮತದಿಂದ ಒಪ್ಪಿತ್ತು, ಷೇರುದಾರರು ಭಾರಿ ಬಹುಮತದಿಂದ ಒಪ್ಪಿದ್ದರು. ನಿನ್ನ ಬರಹದ ಕೋಣೆಯಲ್ಲಿ ಗುಡ್‌ವಿನ್ ಒಬ್ಬನೇ ಕೂತಿದ್ದಾನೆ. ನಿನ್ನ ವಯಸ್ಸಿನಲ್ಲಿ ನಾನೂ ಮುಳುಗಿದ ಸಹಕಾರ ಸಂಘವೊಂದರ ಅಧ್ಯಕ್ಷನನ್ನು ಖಳನಾಯಕನನ್ನಾಗಿ ಮಾಡಿ ಬರೆದೆ. ನಡಾವಳಿ ಪುಸ್ತಕದಲ್ಲಿ ಯಾರ ಯಾರ ಸಹಿಗಳಿದ್ದವೆಂದು ತೆರೆದು ನೋಡಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಬ್ಯಾಂಕು ಬಿಟ್ಟ ಮೇಲೆ ಆತನಿಗೆ ಸಿಕ್ಕ ಭಾರಿ ಪಿಂಚಣಿಯ ಗದ್ದಲಕ್ಕೆ ಮೂರು ಪುಟ ಕೊಟ್ಟಿದ್ದೀಯ, ಒಂದು ಸಾಲು ಸಾಕು. 2012ರಲ್ಲಿ ನೈಟ್ ಪದವಿ ಹೋದದ್ದಕ್ಕೆ ಇನ್ನೊಂದು. ಉಳಿದ ಜಾಗವನ್ನು 2008ರ ಅಕ್ಟೋಬರ್ 7ಕ್ಕೆ ಕೊಡು. ಅಂದು ಬ್ರಿಟನ್ನಿನ ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಲಕ್ಸೆಂಬರ್ಗಿನ ಸಭೆಯಲ್ಲಿದ್ದರು. ರಾಯಲ್ ಬ್ಯಾಂಕಿನ ಅಧ್ಯಕ್ಷರಿಂದ ಫೋನು ಬಂತು: ಕೆಲವೇ ಗಂಟೆಗಳಲ್ಲಿ ಹಣ ಮುಗಿಯುತ್ತದೆ. ಕೊನೆಗೆ ಸರ್ಕಾರ ಸುರಿದದ್ದು 4,550 ಕೋಟಿ ಪೌಂಡ್, ಜನ ಕಟ್ಟಿದ ತೆರಿಗೆಯ ಬಲದ ಮೇಲೆ. ಆ ಜನರಲ್ಲಿ ಒಬ್ಬರಾದರೂ ನಿನ್ನ ಬರಹದಲ್ಲಿ ಮಾತನಾಡಬೇಕು. ಈಗಿರುವುದರಲ್ಲಿ ಯಾರೂ ಇಲ್ಲ.

ತಿದ್ದಿದ ಕರಡನ್ನು ಯುಗಾದಿಯೊಳಗೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ