ಟಿಕೆಟ್ ದುಡ್ಡು ಯಾರು ಕೊಟ್ಟರು ಅಂತ ಕೇಳು

ಕಲಬುರಗಿ
ಮೇ ತಿಂಗಳ ಬಿಸಿಲು

ತಮ್ಮಾ,

ಬೀದರ್ ಹಾಸ್ಟೆಲ್ ಊಟ ಹಿಡಿಸಿತಾ? ಇಲ್ಲಿನ ಬಿಸಿಲಿನ ಸುದ್ದಿ ಕೇಳಬೇಡ, ಮಧ್ಯಾಹ್ನ ಹನ್ನೆರಡಾದರೆ ಓಣಿಯಲ್ಲಿ ನಾಯಿ ಕೂಡ ಕಾಣುವುದಿಲ್ಲ.

ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಕೋಶಪೊರೆಯ ಪಾಠ, ಅಂದರೆ ಜೀವಕೋಶದ ಸುತ್ತಲಿನ ಪೊರೆ ದಾಟಿ ಏನೇನು ಹೇಗೆ ಒಳಗೆ ಹೊರಗೆ ಹೋಗುತ್ತದೆ ಅನ್ನೋದು, ಮೂರು ಸಲ ಬಾಯಿಪಾಠ ಮಾಡಿದರೂ ಟೆಸ್ಟ್‌ನಲ್ಲಿ ಅದೇ ಪ್ರಶ್ನೆಗಳು ತಪ್ಪಾದವು ಅಂತ. ಆಗ ಏನೂ ಹೇಳಲಿಲ್ಲ, ಆಮೇಲೆ ತಲೆಯಲ್ಲಿ ಅದೇ ಓಡುತ್ತಿತ್ತು. ಮೂವತ್ತು ವರ್ಷ ಸಲೈನ್ ಹಚ್ಚಿದವಳು ನಾನು. ಈ ಪಾಠ ನನಗೆ ಅರ್ಥವಾಗಿದ್ದು ಪುಸ್ತಕದಲ್ಲಲ್ಲ, ವಾರ್ಡ್‌ನಲ್ಲಿ. ಬಾಯಿಪಾಠ ಬಿಡು. ಡಿಫ್ಯೂಷನ್, ಆಸ್ಮೋಸಿಸ್, ಆಕ್ಟಿವ್ ಟ್ರಾನ್ಸ್‌ಪೋರ್ಟ್ ಅನ್ನೋ ಹೆಸರುಗಳು ಆಮೇಲೆ ತಾವಾಗೇ ಕೂತುಕೊಳ್ಳುತ್ತವೆ. ಏನೇ ಒಳಗೆ ಹೋಗಲಿ, ಹೊರಗೆ ಬರಲಿ, ಎರಡೇ ಕೇಳು. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಯಿತಾ, ಉಲ್ಟಾ ಹೋಯಿತಾ? ಉಲ್ಟಾ ಹೋಗಿದ್ದರೆ ಅದರ ಖರ್ಚು ಯಾರು ಕೊಟ್ಟರು?

ಬೆಳಿಗ್ಗೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ, ಉಪ್ಪು ಅರಿಶಿನ ಕಲಸಿ ಜಾಡಿಗೆ ಹಾಕಿದ್ದೆ. ಸಂಜೆ ಮುಚ್ಚಳ ತೆಗೆದರೆ ಹೋಳುಗಳು ನೀರಿನಲ್ಲಿ ತೇಲುತ್ತಿವೆ. ನಾನು ಒಂದು ಹನಿ ನೀರು ಹಾಕಿಲ್ಲ. ಹೋಳುಗಳ ಅಂಚು ಮೆತ್ತಗಾಗಿ ಮುದುರಿತ್ತು. ಹೊರಗೆ ಉಪ್ಪು ಜಾಸ್ತಿ, ಅಂದರೆ ಅಲ್ಲಿ ನೀರು ಕಡಿಮೆ, ಅದಕ್ಕೇ ಕಾಯಿಯೊಳಗಿನ ನೀರು ಪೊರೆ ದಾಟಿ ಹೊರಗೆ ಬಂತು. ಇಷ್ಟೇ ಆಸ್ಮೋಸಿಸ್. ಇಳಿಜಾರಿನ ನೀರು, ಯಾರೂ ತಳ್ಳಬೇಕಿಲ್ಲ.

ನೀನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ? ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ ಅಂದರೆ ಸಲೈನ್ ಹಚ್ಚಿದಾಗ ರಕ್ತದ ಕಣಗಳು ಯಾಕೆ ಒಣಗುವುದಿಲ್ಲ ಅಂತ. ನನಗೆ ತುಂಬಾ ಖುಷಿಯಾಗಿತ್ತು. ಸಲೈನ್‌ನಲ್ಲಿ 1 ಲೀಟರಿಗೆ 9 ಗ್ರಾಂ ಉಪ್ಪು. ಕಣದ ಒಳಗೂ ಹೊರಗೂ ದ್ರಾವಣದ ಗಟ್ಟಿತನ ಸಮ, ನೀರು ಒಂದೇ ಕಡೆಗೆ ಓಡುವುದಿಲ್ಲ. ಅದರ ಬದಲು ಬರೀ ಶುದ್ಧ ನೀರನ್ನು ರಕ್ತನಾಳಕ್ಕೆ ಬಿಟ್ಟರೆ ಕೆಂಪು ಕಣಗಳು ನೀರು ಕುಡಿದು ಉಬ್ಬಿ ಒಡೆದೇ ಹೋಗುತ್ತವೆ.

ಈಗ ನನ್ನ ತಪ್ಪು ಹೇಳುತ್ತೇನೆ, ನಿನ್ನಪ್ಪನಿಗೂ ಗೊತ್ತಿಲ್ಲ. ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿತ್ತು. ಬೇಸಿಗೆಯಲ್ಲಿ ನಿಮ್ಮ ಅಣ್ಣನಿಗೆ ವಾಂತಿ ಭೇದಿ ಹತ್ತಿತು, ಮೂರು ವರ್ಷದ ಕೂಸು. ರಾತ್ರಿ ಡ್ಯೂಟಿ ಮುಗಿಸಿ ಬಂದವಳು, ಗಟ್ಟಿಯಾಗಿ ಕೊಟ್ಟರೆ ಬೇಗ ಹುಷಾರಾಗುತ್ತಾನೆ ಅಂತ ಲೀಟರಿಗೆ ಕಲಸುವ ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಒಂದೇ ಲೋಟಕ್ಕೆ ಸುರಿದು ಕುಡಿಸಿದೆ. ಭೇದಿ ಇನ್ನೂ ಜಾಸ್ತಿಯಾಯಿತು. ನಾಲಿಗೆ ಒಣಗಿ ಕಟ್ಟಿಗೆಯ ಹಾಗಾಗಿತ್ತು. ಹಿರಿಯ ಸಿಸ್ಟರ್ ಒಬ್ಬರು ಬೈದ ಬೈಗುಳ ಇವತ್ತಿಗೂ ಕಿವಿಯಲ್ಲಿದೆ: "ಹುಡುಗನ ಹೊಟ್ಟೆಯಲ್ಲಿ ಉಪ್ಪಿನಕಾಯಿ ಹಾಕಿದಿ ಏನು?" ಸರಿಯಾಗೇ ಹೇಳಿದ್ದರು. ಕರುಳಿನಲ್ಲಿ ಗಟ್ಟಿ ದ್ರಾವಣ ನಿಂತರೆ ಮೈಯೊಳಗಿನ ನೀರೇ ಅಲ್ಲಿಗೆ ಹರಿಯುತ್ತದೆ, ನನ್ನ ಜಾಡಿಯಲ್ಲಿ ಆದ ಹಾಗೆ.

ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ ಅಂತ ಯೋಚಿಸಿದ್ದೀಯಾ? ರುಚಿಗಲ್ಲ, ಶಕ್ತಿಗೂ ಅಲ್ಲ. ಕೋಶಪೊರೆ ಅಂದರೆ ಎರಡು ಪದರ ಕೊಬ್ಬು. ಎಷ್ಟು ತೆಳು ಅಂದರೆ ಲಕ್ಷ ಪೊರೆ ಒಂದರ ಮೇಲೊಂದು ಇಟ್ಟರೂ 1 ಮಿಲಿಮೀಟರ್ ಆಗುವುದಿಲ್ಲ. ಆಮ್ಲಜನಕ ಅದರಲ್ಲಿ ಸುಮ್ನೆ ನುಗ್ಗಿ ಹೋಗುತ್ತದೆ. ಉಪ್ಪಿನಲ್ಲಿರುವ ಸೋಡಿಯಂ, ಸಕ್ಕರೆಯ ಗ್ಲೂಕೋಸ್ ಕೊಬ್ಬು ದಾಟಲಾರವು, ಅವಕ್ಕೆ ಪ್ರೋಟೀನಿನ ಬಾಗಿಲು ಬೇಕು. ನೀರಿಗೂ ಬೇರೆ ಬಾಗಿಲಿದೆ. ಪೀಟರ್ ಅಗ್ರೆ ಅನ್ನುವವರು ರಕ್ತದ ಗುಂಪಿನ ಪ್ರೋಟೀನ್ ಹುಡುಕಲು ಹೋಗಿ ಅದನ್ನು ಕಂಡರು, 2003ರಲ್ಲಿ ನೊಬೆಲ್ ಬಂತು. ಸಣ್ಣ ಕರುಳಿನ ಒಂದು ಬಾಗಿಲಿನ ಚಾಳಿ ಏನೆಂದರೆ, 2 ಸೋಡಿಯಂ ಜೊತೆಗಿದ್ದರೇ 1 ಗ್ಲೂಕೋಸನ್ನು ಒಳಗೆ ಬಿಡುತ್ತದೆ. ಎರಡೂ ಒಳಗೆ ಹೋದರೆ ಹಿಂದೆಯೇ ನೀರು. ಕಾಲರಾ ವಿಷ ಕರುಳಿನಿಂದ ಉಪ್ಪು ನೀರನ್ನು ಹೊರಗೆ ಸುರಿಸುತ್ತದೆ, ಆದರೆ ಈ ಬಾಗಿಲನ್ನು ಮುಟ್ಟುವುದಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದು ಹೋದಾಗ ಡಾಕ್ಟರ್ ದಿಲೀಪ್ ಮಹಾಲನೊಬಿಸ್ ಇದೇ ಉಪ್ಪು ಗ್ಲೂಕೋಸಿನ ನೀರನ್ನು ಡ್ರಮ್ಮಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಈಗ ನಾವು ಕೊಡುವ ಪ್ಯಾಕೆಟ್ 20.5 ಗ್ರಾಂ, ಪೂರಾ 1 ಲೀಟರ್ ನೀರಿಗೆ. ಪೂರಾ ಲೀಟರ್!

ನೀನು ಟೆಸ್ಟ್‌ನಲ್ಲಿ ಎಡವಿದ್ದು ಇಲ್ಲೇ ಅಂತ ನನ್ನ ಅನುಮಾನ. ಕರುಳಿನಲ್ಲಿ ಗ್ಲೂಕೋಸ್ ಕಡಿಮೆ ಇದ್ದರೂ ಜೀವಕೋಶ ಅದನ್ನು ಎಳೆದುಕೊಳ್ಳುತ್ತದೆ, ಅಂದರೆ ಏರು ದಾರಿ. ಆ ಬಾಗಿಲಿನಲ್ಲಿ ಎಟಿಪಿ, ಅಂದರೆ ಜೀವಕೋಶ ಶಕ್ತಿಗಾಗಿ ಕೊಡುವ ದುಡ್ಡು, ಖರ್ಚಾಗುವುದು ಮಾತ್ರ ಕಾಣುವುದಿಲ್ಲ. ಹಾಗಾದರೆ ಫ್ರೀನಾ?

ನಾನು ಆಳಂದಕ್ಕೆ ಬಸ್ಸಿನಲ್ಲಿ ಹೋಗುತ್ತೇನಲ್ಲ, ಕಂಡಕ್ಟರ್ ಸೊನ್ನೆ ಟಿಕೆಟ್ ಹರಿದು ಕೊಡುತ್ತಾನೆ. 2023ರಿಂದ ಹೀಗೇ. ನಾನು ದುಡ್ಡು ಕೊಟ್ಟಿಲ್ಲ ಅಂದ ಮಾತ್ರಕ್ಕೆ ಬಸ್ಸು ಪುಕ್ಕಟೆ ಓಡುತ್ತಾ? ಲೆಕ್ಕ ಬೇರೆ ಕಡೆ ಸರ್ಕಾರ ಚುಕ್ತಾ ಮಾಡುತ್ತದೆ. ಗ್ಲೂಕೋಸಿನದೂ ಸೊನ್ನೆ ಟಿಕೆಟ್. ಸೋಡಿಯಂ ಇಳಿಜಾರಿನಲ್ಲಿ ಒಳಗೆ ಬರುತ್ತದೆ, ಗ್ಲೂಕೋಸ್ ಅದರ ಬೆನ್ನು ಹತ್ತಿ ಬರುತ್ತದೆ. ಒಳಗೆ ಸೋಡಿಯಂ ಕಡಿಮೆ ಇದ್ದರೆ ತಾನೇ ಅದಕ್ಕೆ ಇಳಿಜಾರು? ಹಾಗೆ ಕಡಿಮೆ ಇಡಲು ಜೀವಕೋಶದ ಹಿಂದಿನ ಗೋಡೆಯಲ್ಲಿ, ಅಂದರೆ ರಕ್ತದ ಕಡೆ, ಒಂದು ಪಂಪು ಹಗಲೂ ರಾತ್ರಿ ನಡೆಯುತ್ತದೆ. ಒಂದು ಎಟಿಪಿಗೆ 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಇದನ್ನು ಗುರುತಿಸಿದರು, ನೊಬೆಲ್ ಸಿಕ್ಕಿದ್ದು ನಲವತ್ತು ವರ್ಷ ಆದಮೇಲೆ. ನೀನು ಸುಮ್ನೆ ಮಲಗಿದ್ದಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಈ ಪಂಪಿಗೇ ಹೋಗುತ್ತದೆ. ಈ ಹಿಂಬಾಗಿಲಿನ ಲೆಕ್ಕ ನೋಡದೆ ಫೆಸಿಲಿಟೇಟೆಡ್ ಡಿಫ್ಯೂಷನ್, ಅಂದರೆ ಬಾಗಿಲಿನಿಂದ ಖರ್ಚಿಲ್ಲದೆ ಇಳಿಜಾರಿನಲ್ಲಿ ಹೋಗುವುದು, ಅಂತ ಟಿಕ್ ಹಾಕಿರುತ್ತೀಯ. ಅದು ಸೆಕೆಂಡರಿ ಆಕ್ಟಿವ್ ಟ್ರಾನ್ಸ್‌ಪೋರ್ಟ್ ಮಾರಾಯಾ, ಬೇರೆ ಕಡೆ ಕೊಟ್ಟ ಖರ್ಚಿನಲ್ಲಿ ಏರು ದಾರಿ ಹತ್ತುವುದು.

ಕೆಂಪು ಕಣದ ಲೆಕ್ಕ ಬೇರೆ. ಅದು ರಕ್ತದಿಂದ ಗ್ಲೂಕೋಸ್ ತೆಗೆದುಕೊಳ್ಳುವುದು ನಿಜವಾದ ಇಳಿಜಾರಿನಲ್ಲಿ, ಬಾಗಿಲು ಬೇಕು, ಖರ್ಚಿಲ್ಲ. ನನ್ನಂಥ ಶುಗರ್ ಇರುವವರ ಮಾಂಸಖಂಡದಲ್ಲಿ ಇನ್ಸುಲಿನ್ ಕರೆದರೂ ಗ್ಲೂಕೋಸಿನ ಬಾಗಿಲುಗಳು ಕೋಶದ ಒಳಗಿನಿಂದ ಪೊರೆಗೆ ಸರಿಯಾಗಿ ಬರುವುದಿಲ್ಲ, ಅದಿರಲಿ, ಆ ಪುರಾಣ ಇನ್ನೊಂದು ದಿನ.

ಇವತ್ತು ರಾತ್ರಿ ಪುಸ್ತಕ ಮುಚ್ಚಿಟ್ಟು ಒಂದು ಹಾಳೆಯಲ್ಲಿ ಕರುಳಿನ ಒಂದೇ ಒಂದು ಜೀವಕೋಶ ಬರೆ. ಈ ಕಡೆ ಕರುಳು, ಆ ಕಡೆ ರಕ್ತ. ಬಾಗಿಲು ಯಾವ ಗೋಡೆಯಲ್ಲಿ, ಪಂಪು ಯಾವ ಗೋಡೆಯಲ್ಲಿ ಅಂತ ತೋರಿಸಿ ಫೋಟೋ ಕಳಿಸು. ತಪ್ಪಿದ್ದರೆ ಕೆಂಪು ಪೆನ್ನು ನನ್ನ ಹತ್ತಿರ ಇದೆ.

ಇನ್ನೊಂದು. ನಿನ್ನಪ್ಪ ಮೆಣಸಿನ ಗಿಡದ ಬುಡಕ್ಕೇ ಹಿಡಿ ಹಿಡಿ ಯೂರಿಯಾ ಹಾಕಿ, ಮೇಲೆ ನೀರು ಬಿಡದೆ, ಗಿಡ ಯಾಕೆ ಬಾಡಿತು ಅಂತ ನನಗೆ ಫೋನ್ ಮಾಡಿದ್ದ. ನಾನು ಹೇಳಲಿಲ್ಲ, ನೀನೇ ಹೇಳು.

ಇಂತಿ,
ನಿನ್ನ ಸೋದರತ್ತಿ