ರಜೆಯಲ್ಲಿ ಮಕ್ಕಳು ನೋಡಬೇಕೆಂದಿರುವ ಸಿನಿಮಾ ಬಗ್ಗೆ

ಪ್ರಿಯ ಪೋಷಕರೇ,

ಕಳೆದ ವಾರ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ, "ಸಿಸ್ಟರ್, ಬೇರೆ ದಾರಿಯೇ ಇಲ್ಲದೆ ಸತ್ತವರ ಮಾಂಸ ತಿಂದ್ರೆ ಪಾಪನಿವೇದನೆ ಮಾಡ್ಬೇಕಾ?" ವಿಚಾರಿಸಿದರೆ, ನೆಟ್‌ಫ್ಲಿಕ್ಸ್‌ನಲ್ಲಿರುವ 'ಸೊಸೈಟಿ ಆಫ್ ದ ಸ್ನೋ' ನೋಡಿದ್ದಾನೆ. ಉಳಿದವರು ಕ್ರಿಸ್ಮಸ್ ರಜೆಗೆ ಕಾಯುತ್ತಿದ್ದಾರೆ. ಇದು ನಮ್ಮ ಮಕ್ಕಳಿಗೆ ಆಗುತ್ತಾ ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಹಾಗಾಗಿ ನಾನೇ ಕೂತು ನೋಡಿದೆ.

ಇದು ನಿಜವಾಗಿ ನಡೆದದ್ದು. 1972ರ ಅಕ್ಟೋಬರ್ 13ರಂದು ಉರುಗ್ವೆಯ ರಗ್ಬಿ ತಂಡವಿದ್ದ ವಿಮಾನ ಆಂಡಿಸ್ ಪರ್ವತದ ಹಿಮದಲ್ಲಿ ಬಿತ್ತು. ಒಳಗೆ 45 ಜನ. 72 ದಿನಗಳ ಕೊನೆಗೆ ಉಳಿದವರು 16. ಆಟಗಾರರಲ್ಲಿ ಹೆಚ್ಚಿನವರು ಮೊಂಟೆವಿಡಿಯೊದ ಕಥೋಲಿಕ ಶಾಲೆಯೊಂದರ ಹಳೆ ವಿದ್ಯಾರ್ಥಿಗಳು. ನಮ್ಮ ಮನೆಗಳಲ್ಲಿ ಸಂಜೆ ಕೂತು ಹೇಳುವ ತೇರ್ಸ್‌ ಪ್ರಾರ್ಥನೆಯಂತೆ ಅವರೂ ರಾತ್ರಿ ಜಪಸರ ಹೇಳುತ್ತಿದ್ದರು. ತಿನ್ನಲು ಏನೂ ಉಳಿಯದಾಗ ಸತ್ತ ಗೆಳೆಯರ ದೇಹವೇ ಆಹಾರವಾಯಿತು. ನಾನು ಸತ್ತರೆ ನನ್ನನ್ನೂ ತಿನ್ನಿ ಎಂದು ಕೆಲವರು ಮೊದಲೇ ಮಾತು ಕೊಟ್ಟಿದ್ದರು.

ಅವರು ಮಾಡಿದ್ದು ಪಾಪವಲ್ಲ ಎಂದು ಚರ್ಚಿನ ಗುರುಗಳು ಆಗಲೇ ಹೇಳಿದ್ದಾರೆ. ಆದರೆ ಅದನ್ನು ಪರಮಪ್ರಸಾದಕ್ಕೆ, ಅಂದರೆ ಯೇಸುವಿನ ದೇಹವೆಂದು ನಂಬಿ ಪೂಜೆಯಲ್ಲಿ ನಾವು ಸ್ವೀಕರಿಸುವ ರೊಟ್ಟಿಗೆ, ಹೋಲಿಸುವುದು ಬೇರೆ ಮಾತು. ಅದು ಒಂದೇ ಅಲ್ಲ. ಮಕ್ಕಳು ಕೇಳಿದರೆ ಇಷ್ಟು ಹೇಳಿ ಸಾಕು. ಸಿನಿಮಾದಲ್ಲಿ ಗಾಯಗೊಂಡ ಹುಡುಗನೊಬ್ಬ, ನನ್ನ ದೇವರು ನನ್ನ ಗಾಯ ತೊಳೆಯುವ ಗೆಳೆಯನೊಳಗೆ ಇದ್ದಾನೆ ಎನ್ನುವ ಅರ್ಥದ ಮಾತು ಆಡುತ್ತಾನೆ. ಅದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ನನಗೆ ಹಿಡಿಸಿತು.

ನಿಜ ಹೇಳಬೇಕೆಂದರೆ ಮಾಂಸದ ವಿಷಯಕ್ಕೆ ನನಗೆ ಅಷ್ಟು ಹೆದರಿಕೆ ಇಲ್ಲ. ಕತ್ತರಿಸುವುದನ್ನು ಕಣ್ಣಿಗೆ ರಾಚುವ ಹಾಗೆ ತೋರಿಸಿಲ್ಲ. ಹೆದರಿಕೆ ಇರುವುದು ವಿಮಾನ ಬೀಳುವ ದೃಶ್ಯಕ್ಕೆ. ಹಿಂದಿನ ಭಾಗ ಕಿತ್ತು ಹೋಗುತ್ತದೆ, ಸೀಟುಗಳು ಒಂದರ ಮೇಲೊಂದು ಮುಂದಕ್ಕೆ ಅಪ್ಪಳಿಸುತ್ತವೆ, ಕಾಲು ಮುರಿಯುವ ಸದ್ದು ಕೇಳುತ್ತದೆ. ನಮ್ಮೂರಲ್ಲಿ ಗಲ್ಫ್‌ಗೆ ಹೋಗಿ ಬರುವವರಿಲ್ಲದ ಮನೆ ಎಷ್ಟಿದೆ ಹೇಳಿ? 2010ರ ಮೇ 22ರ ಬೆಳಗ್ಗೆ ಮಂಗಳೂರಿನ ಬಜ್ಪೆಯಲ್ಲಿ ದುಬೈಯಿಂದ ಬಂದ ವಿಮಾನ ಬಿದ್ದು 158 ಜನ ಹೋದದ್ದನ್ನು ನಾವು ಮರೆತಿಲ್ಲ. ಈಗಿನ ಮಕ್ಕಳು ಆಗ ಹುಟ್ಟಿರಲಿಲ್ಲ ಅಥವಾ ಕೂಸುಗಳು, ಸರಿ. ಆದರೆ ಅಪ್ಪ ಜನವರಿಯಲ್ಲಿ ದುಬೈಗೆ ವಾಪಸ್ ಹೊರಡುವ ಮನೆಯಲ್ಲಿ, ಡಿಸೆಂಬರ್‌ನಲ್ಲಿ ಇದನ್ನು ಹಾಕಿಕೊಂಡು ಕೂರುವುದು ಬೇಡ. ಆ ಅಪಘಾತದಲ್ಲಿ ತಮ್ಮವರನ್ನು ಕಳಕೊಂಡ ಮನೆಗಳಿಗಂತೂ ನಾನು ಹೇಳಬೇಕಾದ್ದಿಲ್ಲ.

ಎಂಟನೇ ತರಗತಿಯವರೆಗಿನವರಿಗೆ ಬೇಡವೇ ಬೇಡ. ಅಮೆರಿಕದಲ್ಲೂ ಇದಕ್ಕೆ 'ಆರ್' ದರ್ಜೆ, ಅಂದರೆ 17 ತುಂಬದವರು ದೊಡ್ಡವರ ಜೊತೆಯಲ್ಲೇ ನೋಡಬೇಕೆನ್ನುವ ದರ್ಜೆ, ಕೊಟ್ಟಿದ್ದಾರೆ. ಒಂದೆರಡು ಕಡೆ ಬೆತ್ತಲೆ ದೇಹವೂ ಕಾಣುತ್ತದೆ. ಒಂಬತ್ತು, ಹತ್ತರವರು ನೋಡಲಿ, ಆದರೆ ಹೊದಿಕೆಯೊಳಗೆ ಮೊಬೈಲಲ್ಲಿ ಅಲ್ಲ. ಹಾಲ್‌ನಲ್ಲಿ, ನಿಮ್ಮ ಜೊತೆ. ಎರಡೂವರೆ ಗಂಟೆ ಹತ್ತಿರ ಇದೆ, ಊಟ ಮುಗಿಸಿಯೇ ಕೂರಿ.

ಪ್ರತಿ ಸಾವಿಗೂ ಪರದೆಯ ಮೇಲೆ ಹೆಸರು, ವಯಸ್ಸು ಬರುತ್ತದೆ. ಅದನ್ನು ಓಡಿಸಬೇಡಿ. ವಿಮಾನದ ದೃಶ್ಯ ಓಡಿಸಿದರೆ ಅಡ್ಡಿಯಿಲ್ಲ. ಎರಡನೇ ಸಲ ನೋಡುವಾಗ ನಾನೂ ಓಡಿಸಿದೆ.

ಇಂತಿ,
ಮುಖ್ಯೋಪಾಧ್ಯಾಯಿನಿ